ಕೀಟದ ಉಸಿರಿಗೊಂದು ಲೆಕ್ಕ

ಪದವಿಪೂರ್ವ ತರಗತಿಯಲ್ಲಿ ಜೀವವಿಜ್ಞಾನವನ್ನು ಓದಿದ ಯಾರನ್ನಾದರೂ ಜಿರಲೆಯ ಶ್ವಾಸರಂಧ್ರಗಳೆಷ್ಟು ಎಂದು ಕೇಳಿದರೆ, ಹತ್ತು ಜೊತೆಗಳೆಂದೂ, ಅವುಗಳಲ್ಲಿ ಎರಡು ಎದೆಯ ಭಾಗದಲ್ಲಿಯೂ ಎಂಟು ಹೊಟ್ಟೆಯ ಭಾಗದಲ್ಲಿಯೂ ಇವೆಯೆಂದೂ ತಡೆಯಿಲ್ಲದೆ ಉತ್ತರ ಬರುತ್ತದೆ. ಆ ರಂಧ್ರಗಳಿಂದ ಹೊರಟ ನಾಳಗಳು ಕವಲೊಡೆದು ಮೈಯೆಲ್ಲ ಹರಡುತ್ತವೆಯೆಂದೂ, ಕೀಟದ ರಕ್ತಕ್ಕೆ ಆಮ್ಲಜನಕವನ್ನು ಹೊರುವ ಹೊಣೆ ಇಲ್ಲವೆಂದೂ ಅದರ ಬೆನ್ನಿಗೇ ಹೇಳುವವರೂ ಉಂಟು. ಇಷ್ಟನ್ನು ನೆನಪಿನಲ್ಲಿ ನಿಲ್ಲುವಂತೆ ಕಲಿಸಿದ ಅಧ್ಯಾಪಕರ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ಮೂಗಿಲ್ಲದ, ಶ್ವಾಸಕೋಶವಿಲ್ಲದ ಆ ಪ್ರಾಣಿಯ ಮೈಯೊಳಕ್ಕೆ, ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ನಾಳಗಳ ತುದಿಯವರೆಗೆ ಗಾಳಿ ಹೋಗಿ ಸೇರುವುದು ಹೇಗೆ, ತಾನಾಗಿ ಸೇರುವುದಾದರೆ ಎಷ್ಟು ವೇಗದಲ್ಲಿ, ಎಷ್ಟು ದೂರದವರೆಗೆ ಎಂಬ ಪ್ರಶ್ನೆಯನ್ನು ಆ ವಿದ್ಯಾರ್ಥಿಗೆ ನಾವು ಕೇಳುವುದಿಲ್ಲ. ಕೇಳಿದರೂ ಉತ್ತರವನ್ನು ಹುಡುಕಿಕೊಳ್ಳತಕ್ಕ ಸಾಧನ ಅವನ ಕೈಯಲ್ಲಿರುವುದಿಲ್ಲ, ಏಕೆಂದರೆ ಆ ಸಾಧನ ಗಣಿತ, ಮತ್ತು ಗಣಿತವನ್ನು ನಾವು ಬೇರೊಂದು ಕೋಣೆಯಲ್ಲಿ, ಬೇರೆ ವಿದ್ಯಾರ್ಥಿಗಳಿಗಾಗಿ ಕಾದಿರಿಸಿದ್ದೇವೆ. ಜೀವವನ್ನು ವರ್ಣಿಸಿ, ಅಳೆಯದೆ, ಅಷ್ಟಕ್ಕೇ ತೃಪ್ತಿಪಡುವ ಶಿಕ್ಷಣ ಅಪೂರ್ಣವೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ಅಭಿಪ್ರಾಯಕ್ಕೆ ಕೀಟದ ಶ್ವಾಸರಂಧ್ರಕ್ಕಿಂತ ಬಲವಾದ ಸಾಕ್ಷಿಯನ್ನು ನಾನು ಕಾಣೆ.

ಈ ರಂಧ್ರಗಳ ವಿಚಾರ ಮೊದಲಾದದ್ದು ನಮ್ಮ ನಾಡಿಗೆ ಅತ್ಯಂತ ಪರಿಚಿತವಾದ ಹುಳುವೊಂದರಿಂದ. 1669ರಲ್ಲಿ ಇಟಲಿಯ ಬೊಲೊನ್ಯಾದ ವೈದ್ಯನಾದ ಮಾರ್ಚೆಲ್ಲೊ ಮಾಲ್ಪೀಗಿ ರೇಷ್ಮೆಹುಳುವಿನ ಅಂಗರಚನೆಯನ್ನು ಕುರಿತು ಬರೆದ ಗ್ರಂಥವನ್ನು ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿತು. ಹುಳುವನ್ನು ಸೂಕ್ಷ್ಮದರ್ಶಕದ ಕೆಳಗೆ ಸೀಳಿ ನೋಡಿದ ಆತನಿಗೆ, ಅದರ ಎರಡು ಪಕ್ಕಗಳಲ್ಲಿ ಒಂಬತ್ತೊಂಬತ್ತರಂತೆ ಸಾಲಾಗಿರುವ ಕಪ್ಪು ಬೊಟ್ಟುಗಳಿಂದ ಹೊರಟು, ಕರುಳು ಸ್ನಾಯು ರೇಷ್ಮೆಗ್ರಂಥಿಗಳನ್ನೆಲ್ಲ ಸುತ್ತುವರಿದು ಕವಲೊಡೆಯುವ ಬೆಳ್ಳಿಬಣ್ಣದ ನಾಳಗಳು ಕಂಡವು. ಆ ಬೊಟ್ಟುಗಳಿಗೆ ಎಣ್ಣೆ ಸವರಿದರೆ ಹುಳು ಸತ್ತುಹೋಗುತ್ತದೆಂಬುದನ್ನೂ ಆತ ಪ್ರಯೋಗದಿಂದ ತೋರಿಸಿದ. ಬೆಳೆಗೆ ಬಿದ್ದ ಹೇನು, ಹಿಟ್ಟುತಿಗಣೆಗಳ ಮೇಲೆ ಇಂದು ಎಣ್ಣೆಯ ಸಿಂಪಡಣೆ ಮಾಡುವವರು ಭಾಗಶಃ ಬಳಸುತ್ತಿರುವುದೂ ಇದೇ ತತ್ತ್ವವನ್ನು.

ರೇಷ್ಮೆ ಸಾಕುವ ಮನೆಗಳಲ್ಲಿ ಈ ನಾಳಗಳ ಒಂದು ಅಂಶ ಪ್ರತಿ ಬೆಳೆಯಲ್ಲಿಯೂ ಕಣ್ಣೆದುರಿಗೆ ಬರುತ್ತದೆ, ಆದರೆ ಯಾರೂ ನಿಂತು ನೋಡುವುದಿಲ್ಲ. ಹುಳು ನಾಲ್ಕನೆಯ ಜ್ವರದಿಂದ, ಎಂದರೆ ಪೊರೆ ಕಳಚುವ ನಿದ್ರೆಯಿಂದ, ಎದ್ದಾಗ ಹಿಂದೆ ಬಿಟ್ಟುಹೋದ ಪೊರೆಯನ್ನು ಹಿಪ್ಪುನೇರಳೆಯ ಒಣಸೊಪ್ಪಿನ ನಡುವಿನಿಂದ ಆಯ್ದುಕೊಂಡು, ತಟ್ಟೆಯ ನೀರಿನಲ್ಲಿ ನೆನೆಯಿಟ್ಟು, ಸೂಜಿಯ ಮೊನೆಯಿಂದ ಮೆಲ್ಲನೆ ಬಿಡಿಸಿದರೆ, ಬೊಟ್ಟುಗಳಿದ್ದ ಸ್ಥಳದಲ್ಲೆಲ್ಲ ಒಳಮುಖವಾಗಿ ಇಳಿಬಿದ್ದ ಸಣ್ಣ ಎಳೆಗಳ ಕುಚ್ಚುಗಳು ತೇಲಿ ನಿಲ್ಲುತ್ತವೆ. ಅವು ಹಳೆಯ ಶ್ವಾಸನಾಳಗಳ ಒಳಪದರ. ಚರ್ಮವನ್ನು ಕಳಚುವಾಗ ಹುಳು ಮೈಯೊಳಗಿನ ಗಾಳಿಯ ಕೊಳವೆಗಳ ಒಳಪದರವನ್ನೂ ಕಳಚಿ, ಅದೇ ಕಿರಿದಾದ ರಂಧ್ರಗಳ ಮೂಲಕ ಹೊರಕ್ಕೆಳೆದುಹಾಕುತ್ತದೆ. ಅದಕ್ಕೆ ಮುಂಚೆಯೇ ದೊಡ್ಡದಾದ ಹೊಸ ಕೊಳವೆಯನ್ನು ಅದರ ಸುತ್ತ ಕಟ್ಟಿಕೊಂಡಿರುತ್ತದೆ. ಆ ಎಳೆಯನ್ನು ಸೂಕ್ಷ್ಮದರ್ಶಕದಿಂದ ನೋಡಿದರೆ, ಕೊಳವೆ ಕುಸಿಯದಂತೆ ಅದರ ಗೋಡೆಯಲ್ಲಿ ಸುರುಳಿ ಸುತ್ತಿದ ಗಟ್ಟಿ ದಾರವೂ ಕಾಣುತ್ತದೆ. ನಾಳಗಳ ಕಡೆಯ ಕವಲುಗಳು ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಿರಿದು. ದುಡಿಯುವ ಸ್ನಾಯುವಿನಲ್ಲಿ ಅವು ಜೀವಕೋಶದ ಮೈಯನ್ನು ಒತ್ತಿ ಒಳಹೊಕ್ಕಿರುತ್ತವೆ.

ಇಂತಹ ವ್ಯವಸ್ಥೆಯೊಂದನ್ನು ಕಂಡವನು ಕೇಳಬೇಕಾದ ಪ್ರಶ್ನೆ ಗಾಳಿಯನ್ನು ಇದರೊಳಕ್ಕೆ ದೂಡುವ ಶಕ್ತಿ ಯಾವುದೆಂಬುದು. ಉತ್ತರದ ಬೀಜ 1855ರಲ್ಲಿಯೇ ದೊರೆತಿತ್ತು. ಆಡಾಲ್ಫ್ ಫಿಕ್ ಎಂಬ ಜರ್ಮನ್ ಶರೀರಕ್ರಿಯಾವಿಜ್ಞಾನಿ, ಒಂದು ವಸ್ತು ಸಾಂದ್ರತೆ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಯಾವ ನೂಕುಬಲವೂ ಇಲ್ಲದೆ ಅಣುಗಳ ಸ್ವಂತ ಚಲನೆಯಿಂದಲೇ ಹರಡುತ್ತದೆಂಬುದಕ್ಕೆ ಗಣಿತದ ರೂಪವನ್ನು ಕೊಟ್ಟು, ಹಾಗೆ ಸಾಗುವ ಪ್ರಮಾಣವು ಎರಡು ತುದಿಗಳ ಸಾಂದ್ರತೆಯ ಅಂತರಕ್ಕೂ ಹಾದಿಯ ಅಡ್ಡಕೊಯ್ತದ ವಿಸ್ತೀರ್ಣಕ್ಕೂ ಅನುಗುಣವಾಗಿ ಹೆಚ್ಚುತ್ತದೆಂದೂ, ಹಾದಿಯ ಉದ್ದ ಬೆಳೆದಷ್ಟೂ ಕುಗ್ಗುತ್ತದೆಂದೂ ಸ್ಥಾಪಿಸಿದ. ವಿಸರಣವೆಂದು ಪಠ್ಯಗಳು ಹೇಳುವುದು ಇದನ್ನೇ. ಈ ನಿಯಮದಿಂದ ಹೊರಡುವ ಒಂದು ಫಲ ಸ್ಮರಣೀಯವಾದದ್ದು: ದೂರ ಇಮ್ಮಡಿಯಾದರೆ ಕಾಲ ನಾಲ್ಮಡಿಯಾಗುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದು ನೀರಿನಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಾಲು ಶೀಘ್ರವಾಗಿ. ಲೆಕ್ಕ ಹಾಕಿ ನೋಡಿದರೆ, ನಿಶ್ಚಲವಾದ ಗಾಳಿಯಲ್ಲಿ ಆರು ಮಿಲಿಮೀಟರುಗಳನ್ನು ಕ್ರಮಿಸಲು ಆಮ್ಲಜನಕದ ಅಣುವಿಗೆ ಸರಾಸರಿ ಒಂದು ಸೆಕೆಂಡು ಸಾಕು. ನಿಶ್ಚಲವಾದ ನೀರಿನಲ್ಲಿ ಅದೇ ದೂರಕ್ಕೆ ಎರಡೂವರೆ ಗಂಟೆ ಬೇಕು. ಕೀಟಗಳು ಆಮ್ಲಜನಕವನ್ನು ರಕ್ತಕ್ಕೆ ಒಪ್ಪಿಸದೆ, ಮೈಯೊಳಗೆ ಗಾಳಿಗೇ ಹಾದಿ ಮಾಡಿಕೊಟ್ಟಿರುವುದರ ರಹಸ್ಯ ಈ ಒಂದು ಸೆಕೆಂಡು ಮತ್ತು ಎರಡೂವರೆ ಗಂಟೆಗಳ ನಡುವೆ ಇದೆ.

ಊಜಿ ನೊಣದ ಮರಿಯೂ ಇದೇ ಲೆಕ್ಕಕ್ಕೆ ತಲೆಬಾಗಿದೆ. 1980ರಲ್ಲಿ ಕರ್ನಾಟಕವನ್ನು ಹೊಕ್ಕು ಅಂದಿನಿಂದ ರೇಷ್ಮೆ ಬೆಳೆಗಾರರನ್ನು ಕಾಡುತ್ತಿರುವ ಈ ನೊಣ ಹುಳುವಿನ ಚರ್ಮದ ಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಕ್ಕೆ ಕೊರೆದುಕೊಂಡು ಹೋಗಿ ಹುಳುವಿನ ಮೈಯನ್ನು ತಿನ್ನುತ್ತ ಬೆಳೆಯುತ್ತದೆ. ಆದರೆ ಆಹಾರದ ನಡುವೆಯೇ ಮುಳುಗಿರುವ ಅದಕ್ಕೆ ಸುತ್ತಲಿನ ದ್ರವದಿಂದ ಬೇಕಾದಷ್ಟು ಆಮ್ಲಜನಕ ದೊರೆಯಲಾರದು. ಆದುದರಿಂದ ತಾನು ಹೊಕ್ಕ ಗಾಯವನ್ನು ಅದು ಮುಚ್ಚಗೊಡದೆ, ಹಿಂತುದಿಯಲ್ಲಿರುವ ತನ್ನ ಶ್ವಾಸರಂಧ್ರಗಳನ್ನು ಆ ಬಾಯಿಗೆ ಹಿಡಿದುಕೊಂಡು ಉಸಿರಾಡುತ್ತದೆ. ಗಾಯದ ಸುತ್ತ ಕಟ್ಟುವ ಕಪ್ಪು ಕಲೆಯನ್ನು ಕಂಡೇ ರೈತರು ಊಜಿ ಬಿದ್ದಿದೆಯೆಂದು ಗುರುತಿಸುವುದು.

ವಿಸರಣ ಮಾತ್ರವೇ ಕೀಟದ ಉಸಿರಾಟಕ್ಕೆ ಸಾಕಾಗಬಲ್ಲುದೆ ಎಂಬುದನ್ನು ಅಂಕೆಗಳಿಂದ ಪರೀಕ್ಷಿಸಿದ ಕೀರ್ತಿ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಅವರದು. 1920ರಲ್ಲಿ, ಸೂಕ್ಷ್ಮ ರಕ್ತನಾಳಗಳ ಮೇಲಿನ ಸಂಶೋಧನೆಗಾಗಿ ನೊಬೆಲ್ ಪ್ರಶಸ್ತಿ ಸಂದ ವರ್ಷದಲ್ಲಿಯೇ, ಅವರು ಪ್ರಕಟಿಸಿದ ಲೇಖನದ ವಸ್ತು ಮರವನ್ನು ಕೊರೆದು ತಿನ್ನುವ ಒಂದು ದೊಡ್ಡ ಪತಂಗದ ಮರಿಹುಳು. ಅದರ ಶ್ವಾಸನಾಳಗಳನ್ನೆಲ್ಲ ಅಳೆದು, ರಂಧ್ರದಿಂದ ಅಂಗಾಂಶದವರೆಗಿನ ಹಾದಿಯ ಸರಾಸರಿ ಉದ್ದ ಸುಮಾರು ಆರು ಮಿಲಿಮೀಟರ್ ಎಂದೂ, ನಾಳಗಳ ಅಡ್ಡಕೊಯ್ತಗಳ ಒಟ್ಟು ವಿಸ್ತೀರ್ಣ 6.7 ಚದರ ಮಿಲಿಮೀಟರ್ ಎಂದೂ ಅವರು ಕಂಡುಕೊಂಡರು. ಹುಳು ಸೆಕೆಂಡಿಗೆ ಸೇವಿಸುವ ಆಮ್ಲಜನಕದ ಪ್ರಮಾಣವನ್ನೂ ಅಳೆದರು. ಉಳಿದದ್ದು ಫಿಕ್‌ನ ನಿಯಮದಲ್ಲಿ ಈ ಅಂಕೆಗಳನ್ನಿಟ್ಟು ಗುಣಿಸಿ ಭಾಗಿಸುವ ಕೆಲಸ. ದೊರೆತ ಉತ್ತರ: ಅಷ್ಟು ಆಮ್ಲಜನಕ ತಾನಾಗಿ ಒಳಕ್ಕೆ ಹರಿಯಬೇಕಾದರೆ ನಾಳದ ಎರಡು ತುದಿಗಳ ನಡುವೆ ಇರಬೇಕಾದ ಒತ್ತಡದ ಅಂತರ ಪಾದರಸದ 11 ಮಿಲಿಮೀಟರುಗಳಷ್ಟು ಮಾತ್ರ. ಹೊರಗಿನ ಗಾಳಿಯಲ್ಲಿ ಆಮ್ಲಜನಕದ ಒತ್ತಡ ಸುಮಾರು 160 ಮಿಲಿಮೀಟರುಗಳಷ್ಟಿರುವಾಗ, ದಾರಿಯ ಖರ್ಚಿಗೆ 11 ಕಳೆದುಹೋದರೂ ಅಂಗಾಂಶಕ್ಕೆ ಯಥೇಷ್ಟವಾಗಿ ಉಳಿಯುತ್ತದೆ. ಎದೆಯನ್ನು ಉಬ್ಬಿಸಿ ತಗ್ಗಿಸುವ ಶ್ರಮವಿಲ್ಲದೆಯೇ ಆ ಹುಳು ಬದುಕಬಲ್ಲುದು.

ಪ್ರೌಢಶಾಲೆಯ ಗಣಿತವನ್ನು ಬಲ್ಲ ಹುಡುಗಿಯೊಬ್ಬಳು ಅರ್ಧ ಪುಟದಲ್ಲಿ ಮಾಡಿ ಮುಗಿಸಬಹುದಾದ ಲೆಕ್ಕವಿದು. ಆದರೂ ವಿಜ್ಞಾನದ ಇತಿಹಾಸದಲ್ಲಿ ಇದಕ್ಕೆ ನಾನು ಬಹಳ ಎತ್ತರದ ಸ್ಥಾನವನ್ನು ಕೊಡುತ್ತೇನೆ. ಇದಕ್ಕೆ ಹಿಂದೆ, ಕೀಟದ ಉಸಿರು ವಿಸರಣದಿಂದ ಸಾಗುತ್ತದೆಂದು ಕೆಲವರು, ಸಾಗಲಾರದೆಂದು ಕೆಲವರು ತಮ್ಮ ತಮ್ಮ ಊಹೆಯ ಬಲದಿಂದ ವಾದಿಸಬಹುದಾಗಿತ್ತು. ಕ್ರೋಗ್ ಅವರ ಲೆಕ್ಕದ ತರುವಾಯ ಆ ವಾದಕ್ಕೆ ಒಂದು ಕಟ್ಟುಪಾಡು ಬಂದಿತು: ಒಪ್ಪದವನು ಉದ್ದ, ವಿಸ್ತೀರ್ಣ, ಸೇವನೆ ಈ ಮೂರರಲ್ಲಿ ಯಾವ ಅಂಕೆ ತಪ್ಪೆಂಬುದನ್ನು ಹೇಳಬೇಕು. ಗಣಿತದ ಮಾದರಿಯೆಂದರೆ ವಾಸ್ತವವನ್ನು ಹಾಗೆಯೇ ಪಡಿಮೂಡಿಸುವ ಚಿತ್ರವೆಂದು ಭಾವಿಸುವವರಿದ್ದಾರೆ, ಅದು ಸರಿಯಲ್ಲ. ನಮ್ಮ ನಂಬಿಕೆಯನ್ನು ಇತರರು ಅಲ್ಲಗಳೆಯಲು ಅನುಕೂಲವಾಗುವಷ್ಟು ಸ್ಪಷ್ಟವಾಗಿ ಬರೆದಿಡುವ ವಿಧಾನವದು, ಮತ್ತು ಅಲ್ಲಗಳೆಯಲ್ಪಟ್ಟಾಗಲೂ ಅದು ವ್ಯರ್ಥವಾಗುವುದಿಲ್ಲ.

ರಂಧ್ರದ ಬಾಯಿಯ ವಿಚಾರದಲ್ಲಿಯೂ ಲೆಕ್ಕವು ಸಾಮಾನ್ಯ ಬುದ್ಧಿಗೆ ತೋರದ ಒಂದು ಸಂಗತಿಯನ್ನು ಬೆಳಕಿಗೆ ತಂದಿತು. 1900ರಲ್ಲಿ ಹೊರೇಸ್ ಬ್ರೌನ್ ಮತ್ತು ಫರ್ಗುಸನ್ ಎಸ್ಕೋಂಬ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು, ಗಿಡದ ಎಲೆಯ ಪತ್ರರಂಧ್ರಗಳನ್ನು ಕುರಿತ ಅಧ್ಯಯನದಲ್ಲಿ, ತೆಳುವಾದ ಪರದೆಯಲ್ಲಿರುವ ಅತಿ ಸಣ್ಣ ರಂಧ್ರದ ಮೂಲಕ ಸಾಗುವ ಅನಿಲದ ಪ್ರಮಾಣವು ರಂಧ್ರದ ವಿಸ್ತೀರ್ಣವನ್ನಲ್ಲ, ಅದರ ವ್ಯಾಸವನ್ನು ಅನುಸರಿಸುತ್ತದೆಂದು ತೋರಿಸಿದ್ದರು. ಒಂದು ದೊಡ್ಡ ರಂಧ್ರವನ್ನು ಅದೇ ಒಟ್ಟು ವಿಸ್ತೀರ್ಣದ ನೂರು ಸಣ್ಣ ರಂಧ್ರಗಳಾಗಿ, ಒಂದಕ್ಕೊಂದು ಅಡ್ಡಬಾರದಷ್ಟು ದೂರದಲ್ಲಿ ಹಂಚಿದರೆ, ಸಾಗುವ ಅನಿಲ ಹತ್ತು ಪಟ್ಟಾಗುತ್ತದೆ. ಅಂದರೆ ಮೈಯ ಬಹುಪಾಲನ್ನು ಮುಚ್ಚಿಕೊಂಡಿದ್ದೂ ಚೆನ್ನಾಗಿ ಉಸಿರಾಡಬಹುದು. ಕೀಟದ ರಂಧ್ರಕ್ಕೆ ಈ ನಿಯಮವನ್ನು ಹಾಗೆಯೇ ಹೊಂದಿಸುವಂತಿಲ್ಲ, ಏಕೆಂದರೆ ಅದರ ಹಿಂದೆ ತೆಳುವಾದ ಪರದೆಯಿಲ್ಲ, ಆಳವಾದ ಕೊಳವೆಯಿದೆ. ಕೊಳವೆ ನೀಳವಾದಷ್ಟೂ ವ್ಯಾಸದ ಲಾಭ ಕರಗಿ ವಿಸ್ತೀರ್ಣದ ನಿಯಮವೇ ಮೇಲುಗೈಯಾಗುತ್ತದೆ. ಆದರೆ ತೆರೆದ ಬಾಗಿಲಿನಿಂದ ಆಮ್ಲಜನಕ ಒಳಬರುವಾಗ ನೀರಾವಿಯೂ ಹೊರಹೋಗುತ್ತದೆಂಬ ಸಂಕಟ ಎಲೆಗೂ ಕೀಟಕ್ಕೂ ಸಮಾನ. ಅಷ್ಟು ಸಣ್ಣ ಮೈಯಲ್ಲಿ ನೀರಿನ ಸಂಗ್ರಹ ಅತ್ಯಲ್ಪ. ಆದುದರಿಂದಲೇ ಬಹುಪಾಲು ಕೀಟಗಳ ಶ್ವಾಸರಂಧ್ರಕ್ಕೆ ಸ್ನಾಯುವಿನಿಂದ ಮುಚ್ಚಿ ತೆರೆಯುವ ಕವಾಟವಿದೆ.

ಆ ಕವಾಟದ ವರ್ತನೆಯನ್ನು ನಿಕಟವಾಗಿ ಪರೀಕ್ಷಿಸಿದಾಗ ದೊರೆತದ್ದು ಈ ಕ್ಷೇತ್ರದ ಅತ್ಯಂತ ವಿಸ್ಮಯಕರವಾದ ಸಂಗತಿ. ಅಮೆರಿಕದ ಸೆಕ್ರೋಪಿಯ ಎಂಬ ದೊಡ್ಡ ರೇಷ್ಮೆಪತಂಗ ಚಳಿಗಾಲವನ್ನೆಲ್ಲ ಗೂಡಿನೊಳಗೆ ಕೋಶಾವಸ್ಥೆಯಲ್ಲಿ ಕಳೆಯುತ್ತದೆ. 1950ರ ದಶಕದಲ್ಲಿ ಹೊವರ್ಡ್ ಷ್ನೈಡರ್ಮನ್ ಮತ್ತು ಕ್ಯಾರೊಲ್ ವಿಲಿಯಮ್ಸ್ ಅದರ ಉಸಿರಾಟವನ್ನು ಅಳೆದಾಗ, ಆಮ್ಲಜನಕ ಬಹುಮಟ್ಟಿಗೆ ಒಂದೇ ಸಮನಾಗಿ ಒಳಗೆ ಹೋಗುತ್ತಿದ್ದರೂ, ಇಂಗಾಲಾಮ್ಲ ಮಾತ್ರ ಗಂಟೆಗಟ್ಟಲೆ ಹೊರಬರದೆ ತಡೆದಿದ್ದು, ಬಳಿಕ ಒಮ್ಮೆಗೇ ಉಕ್ಕಿ ಬರುತ್ತಿರುವುದು ಕಂಡಿತು. ಇದರಲ್ಲಿ ಮೂರು ಅವಸ್ಥೆಗಳುಂಟು. ಮೊದಲು ಕವಾಟಗಳು ಪೂರ್ತಿ ಮುಚ್ಚಿರುತ್ತವೆ. ಒಳಗಿನ ಆಮ್ಲಜನಕ ಖರ್ಚಾಗುತ್ತ ಬರುತ್ತದೆ, ಹುಟ್ಟಿದ ಇಂಗಾಲಾಮ್ಲವಾದರೋ ಬಹುಮಟ್ಟಿಗೆ ಮೈಯ ದ್ರವದಲ್ಲಿ ಕರಗಿ ಉಳಿಯುತ್ತದೆ, ಆದ್ದರಿಂದ ನಾಳದೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಆಮ್ಲಜನಕ ಸುಮಾರು ಶೇಕಡಾ ನಾಲ್ಕಕ್ಕೆ ಇಳಿದಾಗ ಎರಡನೆಯ ಅವಸ್ಥೆ. ಕವಾಟಗಳು ಅದುರುತ್ತ ಕ್ಷಣಕ್ಷಣಕ್ಕೂ ಕೊಂಚವೇ ಬಿರಿದು ಮುಚ್ಚುತ್ತವೆ, ಗಾಳಿ ಒಳಕ್ಕೆ ಸೆಳೆಯಲ್ಪಡುತ್ತದೆ, ಒಳಮುಖವಾದ ಆ ಸೆಳೆತದ ಎದುರಿಗೆ ನೀರಾವಿ ಹೊರಡುವುದು ಕಷ್ಟವಾಗುತ್ತದೆ. ಕೊನೆಗೆ ಇಂಗಾಲಾಮ್ಲ ಸಹಿಸಲಾಗದ ಮಟ್ಟಕ್ಕೆ ಏರಿದಾಗ ಕವಾಟಗಳು ಪೂರ್ಣವಾಗಿ ತೆರೆದು ಅದೆಲ್ಲವನ್ನೂ ಹೊರಹಾಕಿ, ಮತ್ತೆ ಮುಚ್ಚಿಕೊಳ್ಳುತ್ತವೆ.

ಇದರ ಪ್ರಯೋಜನವೇನೆಂಬ ವಿಚಾರದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ಚರ್ಚೆ ನಡೆದುಬಂದಿದೆ. ನೀರನ್ನು ಉಳಿಸುವುದಕ್ಕಾಗಿ ಎಂಬುದು ಮೊದಲ ಮತ. ಆದರೆ ಅನೇಕ ಕೀಟಗಳಲ್ಲಿ ನೀರಿನ ಬಹುಭಾಗ ಹೋಗುವುದು ಚರ್ಮದ ಮೂಲಕವೇ ಹೊರತು ರಂಧ್ರಗಳ ಮೂಲಕವಲ್ಲವೆಂದು ಕಂಡುಬಂದ ಮೇಲೆ ಆ ಮತದ ಬಲ ತಗ್ಗಿತು. ಇಂಗಾಲಾಮ್ಲ ತುಂಬಿದ ನೆಲದ ಬಿಲಗಳಲ್ಲಿ ವಾಸಿಸುವುದಕ್ಕೆ ಇದು ಅನುಕೂಲವೆಂದು ಮತ್ತೊಂದು ಪಕ್ಷ. 2005ರಲ್ಲಿ ಸ್ಟೆಫಾನ್ ಹೆಟ್ಜ್ ಮತ್ತು ತಿಮತಿ ಬ್ರಾಡ್ಲಿ, ನಮ್ಮ ಪಶ್ಚಿಮಘಟ್ಟದಲ್ಲಿರುವ ದೈತ್ಯ ಪತಂಗದ ಸಮೀಪಬಂಧುವಾದ ಅಟ್ಲಾಸ್ ಪತಂಗದ ಕೋಶವನ್ನು ತೆಗೆದುಕೊಂಡು, ಹೊರಗಿನ ಗಾಳಿಯಲ್ಲಿ ಆಮ್ಲಜನಕವನ್ನು ಸಹಜಕ್ಕಿಂತ ಬಹಳ ಹೆಚ್ಚಿಸಿದರೂ ಕೀಟವು ಒಳಗೆ ಶೇಕಡಾ ನಾಲ್ಕೈದರ ಮಟ್ಟವನ್ನೇ ಕಾಪಾಡಿಕೊಳ್ಳುತ್ತದೆಂದು ತೋರಿಸಿದರು. ಆದುದರಿಂದ ಕವಾಟವನ್ನು ಮುಚ್ಚುವ ಉದ್ದೇಶ ಅತಿಯಾದ ಆಮ್ಲಜನಕದ ವಿಷದಿಂದ ಅಂಗಾಂಶವನ್ನು ರಕ್ಷಿಸುವುದೆಂಬುದು ಅವರ ವಾದ. ಆಮ್ಲಜನಕವನ್ನು ನಾವು ಪ್ರಾಣವಾಯುವೆಂದು ಕರೆಯುವುದನ್ನಷ್ಟೇ ಅಭ್ಯಾಸಮಾಡಿಕೊಂಡಿದ್ದೇವೆ. ಅದು ಜೀವಕೋಶವನ್ನು ಸುಡುವ ವಾಯುವೂ ಹೌದು.

ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ನಾಲ್ಕನೆಯ ಪಕ್ಷ. 2000ದಲ್ಲಿ ಸ್ಟೀವನ್ ಚೌನ್ ಮತ್ತು ಪೀಟರ್ ಹೋಲ್ಟರ್, ಈ ಆವರ್ತನೆಗೆ ಪ್ರತ್ಯೇಕವಾದ ಪ್ರಯೋಜನವೇ ಇಲ್ಲದಿರಬಹುದು, ಎರಡು ನಿಯಂತ್ರಣಗಳು ಒಂದರ ಮೇಲೊಂದು ಪ್ರವರ್ತಿಸುವುದರಿಂದ ಅದು ತಾನಾಗಿ ಉದ್ಭವಿಸಬಹುದು ಎಂಬ ಸೂಚನೆಯನ್ನು ಮುಂದಿಟ್ಟರು. ಇಂತಹ ಸೂಚನೆಯನ್ನು ಮಾತಿನಲ್ಲಿ ವಾದಿಸಿ ಗೆಲ್ಲುವಂತಿಲ್ಲ, ಸೋಲುವಂತೆಯೂ ಇಲ್ಲ. ಇದನ್ನು ಸಮೀಕರಣದಲ್ಲಿ ಬರೆದೇ ನೋಡಬೇಕು. 2015ರಲ್ಲಿ ಗ್ರೀಸ್ಹೇಬರ್ ಮತ್ತು ಜಾನ್ ಟೆರ್ಬ್ಲಾಂಚ್ ಎಂಬವರು ಗಣಕಯಂತ್ರದಲ್ಲಿ ಹಾಗೆ ನೋಡಿದವರು. ಅಂತಹ ಮಾದರಿಯ ಸಾರ ಬಹಳ ಸರಳ. ಕೀಟವನ್ನು ಗಾಳಿಯ ಒಂದು ಕೋಣೆ, ಅದಕ್ಕೆ ಹೊಂದಿಕೊಂಡ ಅಂಗಾಂಶ, ಹೊರಗಿನ ಲೋಕಕ್ಕೆ ಒಂದು ಕವಾಟ ಎಂದಷ್ಟೇ ಎಣಿಸಿಕೊಳ್ಳುತ್ತಾರೆ. ಆಮ್ಲಜನಕ ಒಂದು ಮಿತಿಗಿಂತ ಕೆಳಗಿಳಿದರೆ ಕವಾಟ ಕೊಂಚ ತೆರೆಯಲಿ, ಇಂಗಾಲಾಮ್ಲ ಮತ್ತೊಂದು ಮಿತಿಗಿಂತ ಮೇಲೇರಿದರೆ ಪೂರ್ಣವಾಗಿ ತೆರೆಯಲಿ ಎಂದು ಎರಡು ಆಜ್ಞೆಗಳನ್ನು ಕೊಡುತ್ತಾರೆ. ನಾಳದ ಗಾಳಿಯಲ್ಲಿ ಆಮ್ಲಜನಕದ ಸಂಗ್ರಹ ಅಲ್ಪವಾದ್ದರಿಂದ ಮೊದಲನೆಯ ಮಿತಿ ಬೇಗನೆ ಬರುತ್ತದೆ. ಇಂಗಾಲಾಮ್ಲಕ್ಕೆ ಕರಗಿ ಅಡಗಿರಲು ಮೈಯೆಲ್ಲ ಇರುವುದರಿಂದ ಎರಡನೆಯ ಮಿತಿ ತಡವಾಗಿ ಬರುತ್ತದೆ. ಈ ಎರಡು ಕಾಲಗಳ ನಡುವಣ ಅಂತರವೇ ಕವಾಟವು ಅದುರುತ್ತಿರುವ ಅವಸ್ಥೆ. ಕೀಟವು ಓಡಾಡಲು ತೊಡಗಿ ಅದರ ಸೇವನೆ ಹೆಚ್ಚಿತೆಂದರೆ, ಮಿತಿಗಳೆರಡೂ ಬೇಗಬೇಗನೆ ಮುಟ್ಟಿ, ಅವಸ್ಥೆಗಳು ಒಂದರಲ್ಲೊಂದು ಬೆರೆತು, ಕವಾಟ ಮುಚ್ಚಲು ಅವಕಾಶವೇ ಇಲ್ಲದೆ ಉಸಿರಾಟ ಅಖಂಡವಾಗುತ್ತದೆ. ವಿಶ್ರಾಂತಿಯಲ್ಲಿರುವ ಕೀಟಗಳಲ್ಲಿ ಕಾಣುವ ಆವರ್ತನೆ ಚಟುವಟಿಕೆಯ ಕೀಟಗಳಲ್ಲಿ ಕಾಣದಿರುವುದನ್ನು ಪ್ರಯೋಗಶಾಲೆಯಲ್ಲಿ ಎಲ್ಲರೂ ಬಲ್ಲರು. ಮಾದರಿಯಲ್ಲಿ ಅದು ಯಾರೂ ಪ್ರತ್ಯೇಕವಾಗಿ ಹೇಳಿಕೊಡದೆ ತಾನಾಗಿ ಹೊರಬೀಳುತ್ತದೆ.

ಹೀಗೆಂದು ಉಳಿದ ಪಕ್ಷಗಳೆಲ್ಲ ಬಿದ್ದುಹೋದವೆಂದು ತೀರ್ಮಾನಿಸುವುದು ಯುಕ್ತವಲ್ಲ. ಎರಡು ನಿಯಂತ್ರಣಗಳು ಸಾಕೆಂದು ಮಾದರಿ ತೋರಿಸಬಲ್ಲುದೇ ಹೊರತು, ಆಮ್ಲಜನಕದ ಮಿತಿ ಶೇಕಡಾ ನಾಲ್ಕಕ್ಕೇ ಏಕೆ ನಿಂತಿತು, ಹತ್ತಕ್ಕೆ ಏಕೆ ನಿಲ್ಲಲಿಲ್ಲ ಎಂಬುದನ್ನು ಹೇಳಲಾರದು; ಅಲ್ಲಿ ನೀರಿನ ಉಳಿತಾಯಕ್ಕೋ ವಿಷದ ಭಯಕ್ಕೋ ಇನ್ನೂ ಸ್ಥಾನವಿದೆ. ಆದರೆ ಜೀವಿಗಳಲ್ಲಿ ಕಂಡದ್ದಕ್ಕೆಲ್ಲ ಪ್ರಯೋಜನವೊಂದನ್ನು ಕಲ್ಪಿಸಿ, ಆ ಕಲ್ಪನೆಯನ್ನೇ ವಿವರಣೆಯೆಂದು ಪಾಠ ಹೇಳುವ ಪದ್ಧತಿ ನಮ್ಮಲ್ಲಿ ಬಹಳ ಬೇರೂರಿರುವುದರಿಂದ, ಪ್ರಯೋಜನವನ್ನು ಊಹಿಸುವ ಮೊದಲು ಯಂತ್ರವನ್ನು ಬಿಚ್ಚಿ ನೋಡೋಣವೆಂಬ ಈ ಸಂಯಮವನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಸಬೇಕೆಂಬ ಹಂಬಲ ನನಗಿದೆ.

ಕ್ರೋಗ್ ಅವರ ಲೆಕ್ಕದ ಎಲ್ಲೆಯೂ ಕಾಲಕ್ರಮದಲ್ಲಿ ತಿಳಿಯಿತು. ಹಾರುವ ಮಿಡತೆಯ ರೆಕ್ಕೆಯ ಸ್ನಾಯು ಬೇಡುವ ಆಮ್ಲಜನಕವನ್ನು ವಿಸರಣ ಒಂದೇ ಪೂರೈಸಲಾರದು. ಮಿಡತೆ ಹೊಟ್ಟೆಯನ್ನು ಹಿಗ್ಗಿಸಿ ಕುಗ್ಗಿಸಿ ಮುಂದಿನ ರಂಧ್ರಗಳಿಂದ ಗಾಳಿಯನ್ನು ಒಳಕ್ಕೆ ತೆಗೆದುಕೊಂಡು ಹಿಂದಿನ ರಂಧ್ರಗಳಿಂದ ಬಿಡುತ್ತದೆ. ಇದಾದರೂ ಬಹುಕಾಲದಿಂದ ತಿಳಿದದ್ದು. 2003ರಲ್ಲಿ ಷಿಕಾಗೊ ಬಳಿಯ ಆರ್ಗಾನ್ ಪ್ರಯೋಗಾಲಯದಲ್ಲಿ ಮಾರ್ಕ್ ವೆಸ್ಟ್‌ನೀಟ್ ಮತ್ತು ಸಂಗಡಿಗರು ಪ್ರಬಲವಾದ ಕ್ಷಕಿರಣಗಳಿಂದ ಜೀವಂತ ದುಂಬಿ, ಇರುವೆ, ಚಿಮ್ಮಂಡೆಗಳ ಒಳಗನ್ನು ನೋಡಿದಾಗ, ಸುಮ್ಮನೆ ನಿಂತ ಕೀಟದ ತಲೆ ಎದೆಗಳಲ್ಲಿಯೂ ಮುಖ್ಯ ನಾಳಗಳು ಸುಮಾರು ಸೆಕೆಂಡಿಗೊಮ್ಮೆ ಅಮುಕಿಕೊಂಡು ಮತ್ತೆ ಅರಳುತ್ತ, ತಮ್ಮೊಳಗಿನ ಗಾಳಿಯ ಅರ್ಧದಷ್ಟನ್ನು ಪ್ರತಿ ಸಲವೂ ಬದಲಾಯಿಸಬಲ್ಲವೆಂಬುದು ಗೋಚರವಾಯಿತು. ಕ್ರೋಗ್ ಹೇಳಿದ್ದು ವಿಸರಣ ಸಾಕಾಗಬಲ್ಲುದೆಂದು ಮಾತ್ರ. ತರುವಾಯದ ಪಠ್ಯಪುಸ್ತಕಗಳು ಅದನ್ನು ವಿಸರಣವೊಂದೇ ಇರುವುದೆಂದು 'ಸರಳ' ಮಾಡಿಕೊಂಡಿದ್ದವು. ಮುಪ್ಪತ್ತು ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಆಮ್ಲಜನಕ ಹೆಚ್ಚಿದ್ದುದರಿಂದಲೇ ಎರಡಡಿಗೂ ಮಿಕ್ಕ ರೆಕ್ಕೆಹರವಿನ ಏರೋಪ್ಲೇನ್ ಚಿಟ್ಟೆಯಂತಹ ಕೀಟಗಳಿದ್ದವೆಂದು ಪತ್ರಿಕೆಗಳಲ್ಲಿ ಆಗಾಗ ನಿಶ್ಚಯವಾಗಿ ಬರೆಯುವುದನ್ನೂ ಇದೇ ಎಚ್ಚರದಿಂದ ಓದಬೇಕು. ಅದು ಗಂಭೀರವಾದ ಊಹೆ, ಆದರೆ ಊಹೆ.

ಈ ವಿದ್ಯೆಯಿಂದ ಹೊಲ ಮನೆಗಳಿಗೆ ಏನು ಸಂಬಂಧವೆಂದು ಕೇಳುವವರಿಗೆ ಉತ್ತರಕರ್ನಾಟಕದ ಹಗೇವನ್ನು ತೋರಿಸಬೇಕು. ನೆಲವನ್ನು ಆಳವಾಗಿ ತೋಡಿ, ಜೋಳವನ್ನು ತುಂಬಿ, ಬಾಯಿಗೆ ಬಂಡೆ ಹೊದಿಸಿ ಮಣ್ಣು ಮುಚ್ಚಿದ ಆ ಕಣಜದಲ್ಲಿ, ಕಾಳೂ ಕಾಳಿನೊಳಗಿನ ಹುಳವೂ ಉಸಿರಾಡಿ ಆಮ್ಲಜನಕವನ್ನು ತೀರಿಸುತ್ತವೆ; ಅದು ಶೇಕಡಾ ಮೂರರ ಆಸುಪಾಸಿಗೆ ಇಳಿದರೆ ಹುಳ ಬದುಕುವುದಿಲ್ಲ. ಅದಕ್ಕೆ ಮುಂಚೆಯೇ, ಏರಿದ ಇಂಗಾಲಾಮ್ಲವು ಅದರ ಕವಾಟಗಳನ್ನು ತೆರೆದೇ ನಿಲ್ಲಿಸುವುದರಿಂದ, ಒಣಗಿದ ಕಾಳಿನ ನಡುವೆ ಅದು ನೀರನ್ನು ಕಳೆದುಕೊಂಡು ಬತ್ತುತ್ತದೆ. ಹಗೇವಿನ ಬಾಯಿ ತೆಗೆದ ಕೂಡಲೇ ಒಳಗಿಳಿಯಬಾರದೆಂದು ಹಿರಿಯರು ಎಚ್ಚರಿಸುತ್ತಿದ್ದುದು ಇದೇ ಗಾಳಿಯ ದೆಸೆಯಿಂದ. ಇಂದು ಉಗ್ರಾಣಗಳಲ್ಲಿ ವಿಷದ ಹೊಗೆಯೊಡನೆ ಇಂಗಾಲಾಮ್ಲವನ್ನು ಬೆರೆಸಿದರೆ ಕಡಿಮೆ ವಿಷದಿಂದ ಕೆಲಸವಾಗುವುದಕ್ಕೂ ತೆರೆದ ಕವಾಟವೇ ಒಂದು ಕಾರಣ.

ಗಾಳಿಯಾಡದ ಚೀಲದಲ್ಲಿ ಒಬ್ಬ ಸಣ್ಣ ಹಿಡುವಳಿದಾರ ತನ್ನ ತೊಗರಿಯನ್ನೋ ಕಡಲೆಯನ್ನೋ ಕಟ್ಟಿಟ್ಟರೆ, ಹುಳ ಸಾಯುವುದಕ್ಕೆ ಎಷ್ಟು ದಿನ ಬೇಕು, ಆ ದಿನಗಳಲ್ಲಿ ಎಷ್ಟು ಕಾಳು ಹಾಳಾಗುತ್ತದೆ, ಚೀಲದ ಹಾಳೆಯಿಂದ ಎಷ್ಟು ಗಾಳಿ ನುಸುಳಿದರೆ ಶ್ರಮವೆಲ್ಲ ವ್ಯರ್ಥವಾಗುತ್ತದೆ ಎಂಬುದನ್ನು ಹೇಳಲು ಬೇಕಾದದ್ದು, ಕ್ರೋಗ್ ಹುಳುವಿಗೆ ಮಾಡಿದ ಲೆಕ್ಕವನ್ನೇ ಚೀಲಕ್ಕೆ ಮಾಡುವುದು: ಕಾಳಿನ ನಡುವಣ ಗಾಳಿಯ ಪ್ರಮಾಣ, ಹುಳಗಳ ಸೇವನೆ, ಹಾಳೆಯ ಮೂಲಕ ಆಗುವ ವಿಸರಣ. ತಕ್ಕಡಿ, ಉಷ್ಣಮಾಪಕ, ಆಮ್ಲಜನಕವನ್ನು ಅಳೆಯುವ ಒಂದು ಉಪಕರಣ, ಇಷ್ಟಿದ್ದರೆ ಜಿಲ್ಲಾಕೇಂದ್ರದ ಕಾಲೇಜಿನಲ್ಲಿಯೇ ಇದನ್ನು ಮಾಡಬಹುದು. ಆದರೆ ನಮ್ಮ ಪದವಿ ಕಾಲೇಜುಗಳು ಬಹುಕಾಲದಿಂದ ವಿಜ್ಞಾನದ ವಿದ್ಯಾರ್ಥಿಗಳನ್ನು ಪಿಸಿಎಂ (ಭೌತ, ರಸಾಯನ, ಗಣಿತ) ಎಂದೂ ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಎಂದೂ ಎರಡು ಸಾಲುಗಳಲ್ಲಿ ನಿಲ್ಲಿಸುತ್ತ ಬಂದಿವೆ. ಹುಳುವನ್ನು ಬಲ್ಲ ಸಾಲಿಗೆ ಕಲನಶಾಸ್ತ್ರದ ಪರಿಚಯವಿಲ್ಲ, ಕಲನವನ್ನು ಬಲ್ಲ ಸಾಲು ಹುಳುವನ್ನು ಮುಟ್ಟಿದ್ದಿಲ್ಲ. ಪಠ್ಯಕ್ರಮವನ್ನು ರಚಿಸುವ ಮಂಡಳಿಗಳಲ್ಲಿ ನನ್ನ ಬಿನ್ನಹ ಬಹಳ ಸಣ್ಣದು: ಪ್ರಾಣಿಶಾಸ್ತ್ರದ ಎರಡನೆಯ ವರ್ಷದ ಪ್ರಾಯೋಗಿಕ ತರಗತಿಯಲ್ಲಿ ಜಿರಲೆಯನ್ನು ಬಿಡಿಸಿ ಹೆಸರು ಬರೆಯುವ ದಿನಗಳಲ್ಲಿ ಒಂದನ್ನು ಕಡಿಮೆ ಮಾಡಿ, ಆ ದಿನ ಎರಡೂ ಸಾಲುಗಳ ವಿದ್ಯಾರ್ಥಿಗಳನ್ನು ಒಂದೇ ಮೇಜಿಗೆ ಕೂರಿಸಿ, ಚೀಲದ ಈ ಲೆಕ್ಕವನ್ನು ಅವರ ಕೈಯಿಂದಲೇ ಮಾಡಿಸಿ, ಒಂದು ತಿಂಗಳ ಮೇಲೆ ಚೀಲವನ್ನು ಬಿಚ್ಚಿ, ಲೆಕ್ಕ ಎಲ್ಲಿ ತಪ್ಪಿತೆಂಬುದನ್ನು ದಾಖಲೆಪುಸ್ತಕದಲ್ಲಿ ಬರೆಯಿಸಬೇಕು, ಅಂಕಗಳನ್ನು ಕೊಡುವುದಿದ್ದರೆ ಆ ಪುಟಕ್ಕೆ ಕೊಡಬೇಕು.